ದಮ್ಮಿನ ಕಾಯಿಲೆ ಇದ್ದವರಿಗೆ ಹಗಲೆಲ್ಲ ತೂಕಡಿಕೆ ಏಕೆ? ನಿದ್ದೆ ಮಾತ್ರೆ ಕೊಡುವ ಮುನ್ನ ಇದನ್ನು ಓದಿ

ಕಟ್ಟೆಯ ಮೇಲೆ ಕುಳಿತ ಅಜ್ಜ ಮಾತನಾಡುತ್ತಲೇ ತೂಕಡಿಸುತ್ತಾರೆ. ಒಲೆಯ ಮುಂದಿನ ಅವ್ವ ಎರಡು ರೊಟ್ಟಿ ತಟ್ಟುವಷ್ಟರಲ್ಲಿ ಸುಸ್ತಾಗಿ ಗೋಡೆಗೆ ಒರಗುತ್ತಾರೆ. ಇಬ್ಬರಿಗೂ ವರ್ಷಗಳಿಂದ ಕೆಮ್ಮು, ಕಫ, ನಾಲ್ಕು ಹೆಜ್ಜೆ ನಡೆದರೆ ದಮ್ಮು. ಇಂಥ ಮನೆ ವಿಜಯನಗರ ಜಿಲ್ಲೆಯ ತಂಬ್ರಹಳ್ಳಿಯಲ್ಲಿರಬಹುದು, ನಿಮ್ಮ ಬೀದಿಯಲ್ಲೂ ಇರಬಹುದು. ಅವರಿಗೆ ಸಿಗುವ ಸಲಹೆಗಳು ಮಾತ್ರ ಎಲ್ಲೆಡೆ ಒಂದೇ: ‘ವಯಸ್ಸಾಯ್ತು ಬಿಡಿ’, ‘ರಾತ್ರಿ ನಿದ್ದೆ ಮಾತ್ರೆ ಕೊಡಿ, ಸರಿಹೋಗುತ್ತೆ’, ಇಲ್ಲವೇ ಮೊಬೈಲ್‌ಗೆ ಬಂದ ಯಾವುದೋ ಮನೆಮದ್ದು. ಈ ಮೂರನ್ನೂ ನಂಬುವ ಮೊದಲು ವಿಷಯ ಏನೆಂದು ನೋಡೋಣ.

ಬೀಡಿ ಸೇದದವರಿಗೂ ಬರುತ್ತದೆಯೇ?

ಬರುತ್ತದೆ. ಶ್ವಾಸನಾಳಗಳು ಕಿರಿದಾಗಿ, ಉಸಿರು ಪೂರ್ತಿ ಹೊರಹೋಗದೆ ಉಳಿಯುವ ದೀರ್ಘಕಾಲದ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಎನ್ನುತ್ತಾರೆ. ಒಂದು ಅಂದಾಜಿನಂತೆ 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಬೀಡಿ, ಸಿಗರೇಟು ದೊಡ್ಡ ಕಾರಣ. ಆದರೆ ಸೌದೆ, ಹತ್ತಿ ಕಡ್ಡಿ, ಬೆರಣಿಯ ಹೊಗೆಯೂ ಕಡಿಮೆಯದ್ದಲ್ಲ.

ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸರಳ ಲೆಕ್ಕ ಕೊಟ್ಟಿತು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇರುತ್ತೀರಿ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಉತ್ತರ 60 ತಲುಪಿದರೆ, ಕಫದ ಕೆಮ್ಮು ಬಿಡದೆ ಕಾಡುವ ಕ್ರಾನಿಕ್ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗಿ ಹೆಚ್ಚುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ ಸಾಕು, 60 ಆಯಿತು. ನಿಮ್ಮ ಅವ್ವನ ಲೆಕ್ಕ ಎಷ್ಟಾಗುತ್ತದೆ, ಒಮ್ಮೆ ಹಾಕಿ ನೋಡಿ.

ಸುಸ್ತು ಬೇರೆ, ತೂಕಡಿಕೆ ಬೇರೆ

ಸುಸ್ತು ಎಂದರೆ ಕೆಲಸ ಮಾಡಲು ಮೈಯಲ್ಲಿ ತ್ರಾಣವಿಲ್ಲ, ಆದರೆ ಮಲಗಿದರೂ ನಿದ್ದೆ ಬರಬೇಕೆಂದಿಲ್ಲ. ತೂಕಡಿಕೆ ಎಂದರೆ ಎಚ್ಚರವಿರಬೇಕೆಂದರೂ ಕಣ್ಣು ಮುಚ್ಚಿಹೋಗುವುದು. ವೈದ್ಯರಿಗೆ ಬರೀ ‘ಸುಸ್ತು’ ಎಂದು ಹೇಳಿದರೆ ಎರಡನೆಯದು ಮರೆಯಾಗಿಬಿಡುತ್ತದೆ.

ಸುಸ್ತಿನ ಕಾರಣ ಬಹುಪಾಲು ಉಸಿರಾಟದ ಶ್ರಮದಲ್ಲೇ ಇದೆ. ಆರೋಗ್ಯವಂತರು ಸುಮ್ಮನೆ ಕುಳಿತಾಗ ಉಸಿರಾಡಲು ಖರ್ಚಾಗುವ ಶಕ್ತಿ ಅತ್ಯಲ್ಪ. ಕಾಯಿಲೆ ತೀವ್ರವಾದಾಗ ಅದೇ ಕೆಲಸಕ್ಕೆ ಹಲವು ಪಟ್ಟು ಶಕ್ತಿ ಬೇಕು. ದಮ್ಮು ಬರುತ್ತದೆಂದು ಓಡಾಟ ಬಿಟ್ಟರೆ ಕಾಲಿನ ಸ್ನಾಯು ಸೊರಗುತ್ತವೆ, ಆಗ ಸ್ವಲ್ಪ ನಡೆದರೂ ಇನ್ನಷ್ಟು ದಮ್ಮು. ಇದರ ಜೊತೆಗೆ ರಕ್ತಹೀನತೆ, ಊಟ ಸೇರದಿರುವುದು, ಖಿನ್ನತೆ ಕೂಡಿಕೊಂಡರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ.

ತೂಕಡಿಕೆಯ ಬೇರು ರಾತ್ರಿಯಲ್ಲಿದೆ

ಕೆಮ್ಮು, ಕಫದಿಂದ ನಿದ್ದೆ ತುಂಡಾಗುವುದು ಎಲ್ಲರಿಗೂ ಕಾಣುತ್ತದೆ. ಕಾಣದ ಸಂಗತಿ ಇನ್ನೊಂದಿದೆ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಮೈಯ ಹೆಚ್ಚಿನ ಸ್ನಾಯುಗಳು ಸಡಿಲವಾಗುತ್ತವೆ. ಶ್ವಾಸಕೋಶದ ಕಾಯಿಲೆ ಇದ್ದವರು ಉಸಿರೆಳೆಯಲು ಕುತ್ತಿಗೆ, ಪಕ್ಕೆಲುಬಿನ ಸ್ನಾಯುಗಳ ನೆರವನ್ನೇ ನೆಚ್ಚಿಕೊಂಡಿರುತ್ತಾರೆ. ಆ ನೆರವು ತಪ್ಪಿದಾಗ ಉಸಿರು ತೆಳುವಾಗುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಬೆಳಿಗ್ಗೆ ಏಳುವಾಗ ತಲೆನೋವು, ಮಂಕು ಇದ್ದರೆ ಇದು ಒಂದು ಸುಳಿವು.

ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಬೆಚ್ಚಿದಂತೆ ಶುರುವಾಗುವುದು ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಸಿಒಪಿಡಿ ಜೊತೆಗೆ ಇದೂ ಸೇರಿದರೆ ಹೃದಯಕ್ಕೆ ಹೊರೆ ಹೆಚ್ಚು. ಆದರೆ ಇದಕ್ಕೆ ಚಿಕಿತ್ಸೆ ಇದೆ.

ತೂಕಡಿಕೆ ಎಷ್ಟಿದೆ ಎಂದು ಅಳೆಯಲು ವೈದ್ಯರು 1991ರಿಂದ ಎಪ್‌ವರ್ತ್ ಎಂಬ ಪ್ರಶ್ನಾವಳಿಯನ್ನು ಬಳಸುತ್ತಿದ್ದಾರೆ. ಟಿವಿ ನೋಡುವಾಗ, ಓದುವಾಗ, ವಾಹನದಲ್ಲಿ ಕುಳಿತಾಗ, ಯಾರ ಜೊತೆಗೋ ಮಾತನಾಡುವಾಗ ಹೀಗೆ 8 ಸಂದರ್ಭಗಳಿವೆ. ಪ್ರತಿಯೊಂದರಲ್ಲೂ ಜೊಂಪು ಹತ್ತುವ ಸಾಧ್ಯತೆಗೆ 0ರಿಂದ 3 ಅಂಕ. ಒಟ್ಟು 10 ದಾಟಿದರೆ ವೈದ್ಯರಿಗೆ ತಿಳಿಸಬೇಕಾದ ವಿಷಯ.

ಫಾರ್ವರ್ಡ್‌ಗಳು ಹೇಳುವುದು ನಿಜವೇ?

‘10 ಸೆಕೆಂಡ್ ಉಸಿರು ಬಿಗಿಹಿಡಿದರೆ ಶ್ವಾಸಕೋಶ ಸರಿ ಇದೆ’: ಕೋವಿಡ್ ಕಾಲದಲ್ಲಿ ಹರಡಿದ ಈ ಸಂದೇಶ ತಪ್ಪು. ಕಾಯಿಲೆ ಇದ್ದವರೂ ಹಿಡಿಯಬಲ್ಲರು, ಇಲ್ಲದವರು ಸೋಲಬಹುದು. ಸಿಒಪಿಡಿ ಖಚಿತವಾಗುವುದು ಕೊಳವೆಯಲ್ಲಿ ಜೋರಾಗಿ ಊದಿಸುವ ಸ್ಪೈರೊಮೆಟ್ರಿ ಪರೀಕ್ಷೆಯಿಂದ.

‘ಕರ್ಪೂರ, ಲವಂಗ, ಓಂಕಾಳಿನ ಪೊಟ್ಟಣ ಮೂಸಿದರೆ ಆಕ್ಸಿಜನ್ ಏರುತ್ತದೆ’: ಏರುವುದಿಲ್ಲ. ಕರ್ಪೂರದ ವಾಸನೆಗೆ ಮೂಗು ತೆರೆದಂತೆ ಅನಿಸುತ್ತದೆ, ಅಷ್ಟೆ. ಮಕ್ಕಳು ಕರ್ಪೂರ ನುಂಗಿದರೆ ವಿಷವಾಗುತ್ತದೆ.

‘ಇನ್‌ಹೇಲರ್ ಚಟವಾಗುತ್ತದೆ’: ಆಗುವುದಿಲ್ಲ. ಔಷಧ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಕಡಿಮೆ ಪ್ರಮಾಣ ಸಾಕು. ಸರಿಯಾಗಿ ಎಳೆಯುವ ಕ್ರಮವನ್ನು ಮಾತ್ರ ಕೇಳಿ ಕಲಿಯಬೇಕು.

‘ಸುಸ್ತಿದ್ದರೆ ಆಕ್ಸಿಜನ್ ಜಾಸ್ತಿ ಕೊಡಿ’: ಇದು ಅಪಾಯಕಾರಿ. ಸಿಒಪಿಡಿ ಇರುವ ಕೆಲವರಲ್ಲಿ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಏರಿ ಎಚ್ಚರವೇ ತಪ್ಪಬಹುದು. ಹಾಗಾಗಿ ಅಂಥವರಿಗೆ ವೈದ್ಯರು ಇಟ್ಟುಕೊಳ್ಳುವ ಗುರಿ 88ರಿಂದ 92ರಷ್ಟು, 100 ಅಲ್ಲ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ಅಳೆದು ಆಕ್ಸಿಜನ್ ಕೊಟ್ಟವರ ಗುಂಪಿನಲ್ಲಿ ಸಾವು ಗಣನೀಯವಾಗಿ ಕಡಿಮೆಯಿತ್ತು. ಮನೆಯಲ್ಲಿ ಯಂತ್ರವಿದ್ದರೆ ವೈದ್ಯರು ಹೇಳಿದ ಮಟ್ಟವನ್ನು ನೀವಾಗಿಯೇ ಬದಲಿಸಬೇಡಿ.

ನಿದ್ದೆ ಮಾತ್ರೆ ಏಕೆ ಬೇಡ?

ಹಗಲು ತೂಕಡಿಸುತ್ತಾರೆಂದರೆ ರಾತ್ರಿ ನಿದ್ದೆ ಸಾಲದು, ಒಂದು ಮಾತ್ರೆ ಕೊಡೋಣ ಎನ್ನುವುದು ಕೇಳಲು ಸರಿಯೆನಿಸುತ್ತದೆ. ಆದರೆ ಆಲ್‌ಪ್ರಜೋಲಮ್, ಡಯಾಜೆಪಾಮ್‌ನಂತಹ ಮಾತ್ರೆಗಳು ಉಸಿರಾಟವನ್ನು ಮಂದಗೊಳಿಸುತ್ತವೆ. ರಾತ್ರಿ ಮೊದಲೇ ತೆಳುವಾದ ಉಸಿರು ಇನ್ನೂ ತೆಳುವಾಗುತ್ತದೆ. ಮದ್ಯ ಮಾಡುವುದೂ ಇದನ್ನೇ. ಅಂಗಡಿಯಿಂದ ಚೀಟಿಯಿಲ್ಲದೆ ತಂದ ಕೆಮ್ಮಿನ ಸಿರಪ್‌ನಲ್ಲೂ ಜೊಂಪು ತರಿಸುವ ಔಷಧವಿರಬಹುದು. ಹಾಗೆಂದು ವೈದ್ಯರೇ ಬರೆದ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ, ದಮ್ಮಿನ ಕಾಯಿಲೆ ಇದೆಯೆಂದು ಅವರಿಗೆ ನೆನಪಿಸಿ.

ಹಾಗಾದರೆ ಏನು ಮಾಡಬೇಕು?

ಎರಡು ವಾರ ಒಂದು ಚೀಟಿಯಲ್ಲಿ ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದರು, ಗೊರಕೆ ಇತ್ತೇ, ಬೆಳಿಗ್ಗೆ ತಲೆನೋವಿತ್ತೇ, ಹಗಲು ಯಾವಾಗ ಜೊಂಪು ಹತ್ತಿತು. ಕುಡಿಯುತ್ತಿರುವ ಎಲ್ಲ ಔಷಧಗಳ ಜೊತೆ ಆ ಚೀಟಿಯನ್ನೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ರಕ್ತ ಮತ್ತು ಕಫದ ಪರೀಕ್ಷೆಯಿಂದ ಶುರು ಮಾಡಬಹುದು. ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ ಕ್ಷಯದ ಪರೀಕ್ಷೆ ತಪ್ಪಿಸಬೇಡಿ. ಸ್ಪೈರೊಮೆಟ್ರಿಗೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುವಂತೆ ಕೇಳಿ.

ಮನೆಯಲ್ಲಿ ಬೀಡಿ ಬಿಡಿಸುವುದು, ಅಡುಗೆಮನೆಯ ಹೊಗೆ ಹೊರಹೋಗುವಂತೆ ಮಾಡುವುದು ಮೊದಲ ಕೆಲಸ. ವೈದ್ಯರು ಒಪ್ಪಿದರೆ ದಿನವೂ ಸ್ವಲ್ಪ ಸ್ವಲ್ಪ ನಡೆಯಲಿ. ದಮ್ಮು ಬಂದಾಗ ದೀಪ ಆರಿಸುವಂತೆ ತುಟಿ ಮುಂದೆ ಮಾಡಿ ನಿಧಾನವಾಗಿ ಉಸಿರು ಬಿಡಲಿ.

ಒಂದು ಮಾತು ಮಾತ್ರ ಮರೆಯಬೇಡಿ. ದಮ್ಮಿನ ಕಾಯಿಲೆ ಇದ್ದವರು ಇದ್ದಕ್ಕಿದ್ದಂತೆ ಅತಿಯಾಗಿ ಮಲಗತೊಡಗಿದರೆ, ಕರೆದರೂ ಸರಿಯಾಗಿ ಏಳದಿದ್ದರೆ, ಮಾತು ತೊದಲಿದರೆ, ತುಟಿ ನೀಲಿಯಾದರೆ ‘ಮಲಗಲಿ ಬಿಡಿ’ ಎನ್ನಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಯಾರಿಗಾದರೂ ಫಾರ್ವರ್ಡ್ ಮಾಡುವುದಿದ್ದರೆ ಮೊದಲು ಈ ಸಾಲುಗಳನ್ನು ಮಾಡಿ.