ದುಬೈ ಮದುವಿಗೆ ಹೊಂಟೀರೇನ? ಪಾಸ್‌ಪೋರ್ಟ್ ನಿಮ್ಮ ಕೈಯಾಗ ಇರಲಿ

ಈ ವರ್ಷ ನಮ್ಮ ಓಣಿಯೊಳಗ ಎರಡು ಮನಿಗೆ ದುಬೈ ಮದುವಿ ಕರೆಯೋಲೆ ಬಂದಾವ. ನಾನು ಹೋದ ವರ್ಷ ನಮ್ಮ ಮೈದುನನ ಮಗನ ಮದುವಿಗೆ ಹೋಗಿ ಬಂದೀನಿ ಅಂತ ಎಲ್ಲಾರೂ ನನ್ನ ಕಡೆ ಕೇಳಲಿಕ್ಕೆ ಬರ್ತಾರ. ಎಷ್ಟು ಸೀರಿ ಒಯ್ಯಬೇಕು ವೈನಿ, ಅಲ್ಲೆ ಥಂಡಿ ಇರ್ತದೇನು, ಬಂಗಾರ ಸಸ್ತಾ ಅಂತಲ್ಲ ಖರೇನ? ಕೇಳಲಿ, ಸಂತೋಷ. ಆದ್ರ ಇಷ್ಟು ಮಂದಿಯೊಳಗ ಒಬ್ಬಾಕಿನೂ "ನನ್ನ ಪಾಸ್‌ಪೋರ್ಟ್ ನನ್ನ ಕಡೆ ಇರಬೇಕೇನು?" ಅಂತ ಕೇಳಲಿಲ್ಲ. ನಾನೂ ಕೇಳಿರಲಿಲ್ಲ ಬಿಡ್ರಿ.

ಆಗಿದ್ದು ಹೇಳ್ತೀನಿ. ದುಬೈದಾಗ ಇಳಿದ್ವಿ. ಬೆಂಗಳೂರಿಂದ ನಾಲ್ಕು ತಾಸಿನ ಹಾದಿ, ಆದ್ರ ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಕೂತು ಬಂದಿದ್ದಕ್ಕ ಕಾಲು ಬಾತು ಚಪ್ಪಲಿ ಹಿಡಿಸವಲ್ದಾಗಿತ್ತು. ನಮ್ಮನಿಯವರು, ಮೈದುನ ಮುಂದ ಮುಂದ ನಡದ್ರು. ನಾನು, ನಮ್ಮ ನೆಗೆಣ್ಣಿ ಹಿಂದ ಉಳಿದ್ವಿ. ಅಲ್ಲಿಯ ಮನಷಾ ನಮ್ಮನ್ನ ಬ್ಯಾರೆ ಸಾಲಿಗೆ ಕಳಿಸಿದಾ. ಕೌಂಟರಿಗೆ ಬರೂ ಹೊತ್ತಿಗೆ ನೋಡಿದ್ರ ನಮ್ಮಿಬ್ಬರ ಪಾಸ್‌ಪೋರ್ಟೂ ನಮ್ಮನಿಯವರ ಕೊಳ್ಳಾಗಿನ ಚೀಲದಾಗ! ಅವರು ದೂರದ ಸಾಲಿನ್ಯಾಗ ಬೆನ್ನು ತೋರಿಸಿ ನಿಂತಾರ. ಒದರಿದ್ರ ಕೇಳಸೂದಿಲ್ಲ, ಫೋನ್ ಮಾಡಬೇಕಂದ್ರ ನನ್ನ ಸಿಮ್ ಅಲ್ಲೆ ನಡೀತಿದ್ದಿಲ್ಲ. ಕಡೀಗೆ ಒಬ್ಬ ಕೇರಳದ ಹುಡುಗ ಓಡಿ ಹೋಗಿ ಅವರನ್ನ ಕರಕೊಂಡು ಬಂದಾ. ಪಾಸ್‌ಪೋರ್ಟ್ ಸಿಕ್ಕ ಮ್ಯಾಲೆ ಅಧಿಕಾರಿ ಕೇಳಿದ್ದು ಒಂದೇ ಮಾತು, ಎಲ್ಲೆ ಇರ್ತೀರಿ, ಎಷ್ಟು ದಿನ? ನನಗ ಹೊಟೇಲಿನ ಹೆಸರೇ ಗೊತ್ತಿಲ್ಲ! ಐವತ್ತೈದು ವರ್ಷದ ಹೆಣಮಗಳು, ಪಿಯುಸಿ ಪಾಸಾದಾಕಿ, ಎರಡು ಮಕ್ಕಳ ಮದುವಿ ಮಾಡಿದಾಕಿ, ಎಲ್ಲೆ ಹೊಂಟೀನಿ ಅಂತ ಹೇಳಲಿಕ್ಕೆ ಬರವಲ್ತು. ಆ ಅಧಿಕಾರಿ ಸಿಟ್ಟು ಮಾಡಲಿಲ್ಲ, ಏನಿಲ್ಲ. ನನಗೇ ನಾಚಿಗಿ ಆತು.

ಅದಕ್ಕ ನನ್ನ ಅಭಿಪ್ರಾಯ ಕಡ್ಡಿ ಮುರಿದಂಗ ಹೇಳ್ತೀನಿ. ಪರದೇಶದ ಮದುವಿಗೆ ಹೋಗೂ ಹೆಂಗಸೂರು ತಮ್ಮ ಕಾಗದ ತಾವೇ ಇಟ್ಕೋಬೇಕು, ತಮ್ಮ ಚೀಲದಾಗ ಏನದ ಅಂತ ತಾವೇ ನೋಡಿರಬೇಕು. "ಅವರ ಕಡೆ ಅದ" ಅನ್ನೂ ಮಾತು ಧಾರವಾಡದಾಗ ನಡೀತದ, ಅಲ್ಲೆ ನಡ್ಯಂಗಿಲ್ಲ. ಅಲ್ಲೆ ಪ್ರತಿಯೊಬ್ಬರನ್ನೂ ಬ್ಯಾರೆ ಬ್ಯಾರೆ ಕೇಳ್ತಾರ, ಹೆಸರು ಹಿಡಿದು.

ಹೆಸರು ಅಂದ ಕೂಡಲೆ ಇನ್ನೊಂದು ನೆನಪಾತು. ಟಿಕೆಟ್ ತಗಸೂಕಿಂತ ಮೊದಲ ನಿಮ್ಮ ಪಾಸ್‌ಪೋರ್ಟ್ ತಗದು ಹೆಸರು ನೋಡ್ರಿ. 2022ರ ನವೆಂಬರ್‌ನಿಂದ ಆ ದೇಶದವರು ಒಂದೇ ಹೆಸರು ಇರೂ ಪಾಸ್‌ಪೋರ್ಟಿಗೆ ವಿಸಿಟ್ ವಿಸಾ ಮ್ಯಾಲೆ ಒಳಗ ಬಿಡಂಗಿಲ್ಲ ಅಂತ ನಿಯಮ ತಂದಾರ. ಅಡ್ಡಹೆಸರಿನ ಜಾಗಾ ಖಾಲಿ ಇದ್ದು, ಬರೇ "ಸರಸ್ವತಿ" ಅಂತ ಇದ್ರ ಫಜೀತಿ. ಕಡೀ ಪುಟದಾಗ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರ ಆಮ್ಯಾಲೆ ಒಪ್ಪಿಕೊಂಡಾರ, ಆದ್ರೂ ವಿಮಾನದವರನ್ನ ಕೇಳಿ ಖಾತ್ರಿ ಮಾಡ್ಕೋರಿ. ನಮ್ಮ ಕಡೆ ಕುಲಕರ್ಣಿ, ದೇಸಾಯಿ, ಪಾಟೀಲ ಅಂತ ಅಡ್ಡಹೆಸರು ಇರ್ತಾವ, ಚಿಂತಿಲ್ಲ. ಮೈಸೂರು ಕಡೆಯಿಂದ ಬಂದ ಸೊಸೆಂದಿರು ಇದ್ರ ಅವರದು ಮೊದಲ ನೋಡ್ರಿ. ಹಂಗ ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದ್ರೂ ಉಳಿದಿರಬೇಕು. ತಿದ್ದಸೂದು, ಹೊಸಾದು ಮಾಡಸೂದು ಇದ್ರ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕ ಈಗ ಹೋಗ್ರಿ, ಹಂದರ ಹಾಕೂ ಹೊತ್ತಿಗಲ್ಲ.

ಇನ್ನ ಚೀಲದ ಮಾತು. ಇಲ್ಲೆ ನಾನು ಸ್ವಲ್ಪ ಹೆಚ್ಚು ಬರೀತೀನಿ, ಯಾಕಂದ್ರ ನಮ್ಮ ಹೆಂಗಸೂರ ಜೀವ ಎಲ್ಲಾ ಇದರಾಗ ಇರ್ತದ.

ಮದುವಿ ಅಂದ್ರ ಉಡಿ ತುಂಬಬೇಕು. ಉಡಿ ಅಂದ್ರ ಅಕ್ಕಿ, ಕೊಬ್ಬರಿಬಟ್ಟಲ, ಅರಿಷಿಣ ಬೇರು, ಉತ್ತತ್ತಿ, ಅಡಿಕಿ, ಖಣ. ನಮ್ಮ ನೆಗೆಣ್ಣಿ ಒಂಬತ್ತು ಕೊಬ್ಬರಿಬಟ್ಟಲ ಛಲೋ ನೋಡಿ ಆರಿಸಿ, ಹಳದಿ ಅರಿವ್ಯಾಗ ಕಟ್ಟಿ, ದೊಡ್ಡ ಬ್ಯಾಗಿನ್ಯಾಗ ಇಟ್ಟಿದ್ಲು. ಬೆಂಗಳೂರು ವಿಮಾನ ನಿಲ್ದಾಣದಾಗ ಬ್ಯಾಗ್ ತಗಸಿ ಒಂಬತ್ತೂ ಹೊರಗ ಇಟ್ರು. 2022ರಿಂದ ಚೆಕ್-ಇನ್ ಬ್ಯಾಗಿನ್ಯಾಗ ಒಣಕೊಬ್ಬರಿ ಒಯ್ಯಂಗಿಲ್ಲ. ಅದರಾಗ ಎಣ್ಣಿ ಇರ್ತದಲ್ಲ, ಕಾವು ಹಿಡಿದ್ರ ತಾನೇ ಹೊತ್ತಿಕೊಳ್ಳೂ ಭಯ ಅಂತ. ಉಡಿ ಸಾಮಾನು ಕಸಕೊಂಡ್ರು ಅಂತ ಆಕಿ ಕಣ್ಣಾಗ ನೀರು. ಅಪಶಕುನ ಅಂತ ದಾರಿತುಂಬ ಮುಖ ಸಣ್ಣ ಮಾಡಿಕೊಂಡು ಕೂತ್ಲು. ಅಪಶಕುನ ಎಲ್ಲಿದವಾ? ವಿಮಾನ ಸುರಕ್ಷಿತ ಮುಟ್ಟಲಿ ಅಂತ ತಗದಾರ. ಬರ್ ದುಬೈದ ಮೀನಾ ಬಜಾರಿಗೆ ಹೋದ್ರ ಅರಿಷಿಣ, ಕುಂಕುಮ, ಕೊಬ್ಬರಿ, ಬಳಿ ಎಲ್ಲಾ ಸಿಗ್ತಾವ. ನಾವು ಅಲ್ಲೇ ತಗೊಂಡ್ವಿ. ನಮ್ಮನಿ ಖಣ ಒಂದು ಇಲ್ಲಿಂದ ಒಯ್ದಿದ್ವಿ, ಸಾಕಾತು.

ಕೊಬ್ಬರಿ ಹೋದ್ರ ಹೋಗಲಿ, ಒಂಬತ್ತು ಬಟ್ಟಲದ ರೊಕ್ಕ. ಖಸಖಸಿ ಹಂಗಲ್ಲ. ಅದು ಅಫೀಮಿನ ಗಿಡದ ಬೀಜ, ಆ ದೇಶದಾಗ ಪೂರ್ತಿ ನಿಷೇಧ. ಸಿಕ್ಕರ ಬರೇ ಕಸಗೊಂಡು ಬಿಡೂದಲ್ಲ, ಜೇಲಿನ ಮಾತು. ಈಗ ನೀವೇ ವಿಚಾರ ಮಾಡ್ರಿ, ನಮ್ಮ ರುಖವತದಾಗ ಖಸಖಸಿ ಎಲ್ಲೆಲ್ಲಿ ಇರ್ತದ? ಅನಾರಸದ ಮೈತುಂಬ ಅದ. ಕರ್ಚಿಕಾಯಿ ಹೂರಣದಾಗ ಅದ. ಅಂಟಿನ ಉಂಡಿಯೊಳಗ ಅದ. ಮಸಾಲಿ ಪುಡಿಯೊಳಗ ಕೂಡ ಹುರದು ಹಾಕಿರ್ತೀವಿ, ನೆನಪೂ ಇರೂದಿಲ್ಲ. ನಾನು ಒಂದು ಡಬ್ಬಿ ಅನಾರಸ ಮಾಡಿ ಮುಗಿಸಿದ್ದೆ. ಹೊರಡೂ ಹಿಂದಿನ ದಿನ ಮೈದುನನ ಮಗ ಫೋನ್ ಮಾಡಿ, "ದೊಡ್ಡವ್ವಾ, ಖಸಖಸಿದು ಏನೂ ತರಬ್ಯಾಡ, ಒಂದು ಕಾಳೂ ತರಬ್ಯಾಡ" ಅಂದಾ. ಅನಾರಸ ಎಲ್ಲಾ ಬಾಜೂ ಮನಿಯವರು ತಿಂದ್ರು. ಅವರಿಗೆ ಲಗ್ನ ಆಗಿಧಂಗಾತು! ಎಲಿ ಅಡಿಕಿ ಅಭ್ಯಾಸ ಇದ್ದವರಿಗೂ ಒಂದು ಮಾತು, ವೀಳ್ಯದೆಲಿ ಅಲ್ಲೆ ಒಯ್ಯಂಗಿಲ್ಲ.

ಇದಕ್ಕೇ ನಾನು ಮತ್ತ ಮತ್ತ ಹೇಳೂದು, ಮತ್ತೊಬ್ಬರ ಗಂಟು ಒಯ್ಯಬ್ಯಾಡ್ರಿ. ದುಬೈಕ್ಕ ಹೊಂಟಾರ ಅಂತ ಸುದ್ದಿ ಆದ ಕೂಡಲೆ ಒಬ್ಬಾಕಿ ಮಗಳಿಗೆ ಚಟ್ನಿಪುಡಿ, ಇನ್ನೊಬ್ಬಾಕಿ ಅಳಿಯಗ ಗುಳಿಗಿ ಕೊಡ್ತಾಳ. ಇಲ್ಲ ಅಂದ್ರ ಸಿಟ್ಟು. ನಾನಂತೂ ಈಗ ಬಾಯಿ ಬಿಟ್ಟು ಇಲ್ಲ ಅಂತೀನಿ. ಚೀಲದಾಗ ಸಿಕ್ಕಿದ್ದಕ್ಕ ಉತ್ತರ ಕೊಡಾಕಿ ನಾನು, ಚಟ್ನಿಪುಡಿ ಕುಟ್ಟಿದಾಕಿ ಅಲ್ಲ.

ಗುಳಿಗಿ ಅಂದೆ. ನಿಮ್ಮ ಬಿಪಿ, ಶುಗರ್ ಗುಳಿಗಿ ಕೈಚೀಲದಾಗ ಇಟ್ಕೋರಿ, ದೊಡ್ಡ ಬ್ಯಾಗ್ ಒಂದು ದಿನ ತಡಾ ಆಗಿ ಬಂದ್ರ ಏನು ಮಾಡ್ತೀರಿ? ಅಂಗಡಿಯ ಪಾಕೀಟಿನ್ಯಾಗೇ ಇರಲಿ, ಸಣ್ಣ ಡಬ್ಬಿಗೆ ಸುರುವಬ್ಯಾಡ್ರಿ, ಡಾಕ್ಟರ ಚೀಟಿ ಸಂಗಡ ಇರಲಿ. ಮೊಳಕಾಲು ನೋವಿಗೆ ಟ್ರಾಮಡಾಲ್ ತಗೊಳ್ಳೋರು, ಕೋಡೀನ್ ಇರೂ ಕೆಮ್ಮಿನ ಔಷಧ, ನಿದ್ದಿ ಗುಳಿಗಿ ತಗೊಳ್ಳೋರು ನಮ್ಮೊಳಗ ಭಾಳ ಇದ್ದಾರ. ಅಂಥಾವಕ್ಕ ಅಲ್ಲೆ ಕಟ್ಟುನಿಟ್ಟು, ಮೊದಲೇ ಅಲ್ಲಿಯ ಸರಕಾರದ ಅನುಮತಿ ಬೇಕು. ಮಕ್ಕಳಿಗೆ ಹೇಳಿ ಆನ್‌ಲೈನ್ ಮಾಡಸ್ರಿ, ಇಲ್ಲಾ ಡಾಕ್ಟರನ್ನ ಕೇಳಿ ಬದಲಿ ಗುಳಿಗಿ ತಗೋರಿ.

ಬಂಗಾರ. ಪಾಟ್ಲಿ, ಬಿಲ್ವರ, ಸರ ಎಲ್ಲಾ ಹಾಕ್ಕೊಂಡು ಹೋದ್ರ, ಹೋಗೂಮುಂದ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್‌ದವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರಸ್ಕೋರಿ. ಇಲ್ಲಂದ್ರ ಬರೂಮುಂದ ನಿಮ್ಮ ಅತ್ತಿ ಹಾಕಿದ ಪಾಟ್ಲಿನೇ ದುಬೈದಾಗ ತಗೊಂಡಿದ್ದಲ್ಲ ಅಂತ ನೀವೇ ಸಾಬೀತು ಮಾಡಬೇಕಾಗ್ತದ. ಹೆಂಗಸೂರಿಗೆ ನಲವತ್ತು ಗ್ರಾಂ ಫ್ರೀ ಅಂತ ಎಲ್ಲಾರೂ ಹೇಳ್ತಾರಲ್ಲ, ಅದು ಒಂದು ವರ್ಷಕ್ಕಿಂತ ಹೆಚ್ಚು ಅಲ್ಲೆ ಇದ್ದು ಬರೋರಿಗೆ. ನಾಲ್ಕು ದಿನ ಮದುವಿ ಊಟಕ್ಕ ಹೋದವರಿಗಲ್ಲ. ನನ್ನ ಕೇಳಿದ್ರ ಒಂದು ತಾಳಿಸರ, ಎರಡು ಬಳಿ ಹಾಕ್ಕೊಂಡು ಹೋಗ್ರಿ. ನೋಡೋರು ಮದುಮಗಳನ್ನ ನೋಡ್ತಾರ, ನಮ್ಮನ್ನಲ್ಲ.

ಉಳಿದದ್ದು ಸಣ್ಣಪುಟ್ಟ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದ, ಮುಹೂರ್ತ ಅಲ್ಲಿಯ ಹತ್ತಕ್ಕಂದ್ರ ಇಲ್ಲೆ ಫೋನಿನ್ಯಾಗ ನೋಡೋರಿಗೆ ಹನ್ನೊಂದೂವರೆ. ಮೆಟ್ರೋದಾಗ ಹೆಂಗಸೂರಿಗೆ ಬ್ಯಾರೆ ಡಬ್ಬಿ ಇರ್ತದ, ಭಾಳ ಛಲೋ, ಆದ್ರ ಒಳಗ ಚುರುಮುರಿ ತಿನ್ನಲಿಕ್ಕೆ ಕೂಡಬ್ಯಾಡ್ರಿ, ನೂರು ದಿರ್ಹಮ್ ದಂಡ. ಯಾರದರೆ ಫೋಟೋ ಅವರನ್ನ ಕೇಳದ ತಗಿಯೂದು ಅಲ್ಲೆ ಅಪರಾಧ. ಜೆಬೆಲ್ ಅಲಿಯೊಳಗ 2022ರಾಗ ತಗದ ಹೊಸಾ ಗುಡಿ ನೋಡಿ ಬರ್ರಿ, ಬಾಜೂಕ್ಕೇ ಗುರುದ್ವಾರ ಅದ. ಬ್ಯಾಸಗಿ ಮದುವಿ ಇದ್ರ ಮಾತ್ರ ಎರಡು ಸಲ ವಿಚಾರ ಮಾಡ್ರಿ, ಆ ಬಿಸಲು ನಮ್ಮ ವಯಸ್ಸಿಗೆ ಅಲ್ಲ. ಹೋಗಲಿಕ್ಕೆ ಆಗಂಗಿಲ್ಲ ಅಂತ ಹೇಳಿದ್ರ ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಹುಡುಗ ಹುಡುಗಿ ಊರಿಗೆ ಬಂದಾಗ ಮನಿಗೆ ಕರದು ಆಹೇರ ಮಾಡ್ರಿ.

ಹೊಂಟೋರಿಗೆ ನಾನು ಹಳೇ ಇಳಕಲ್ ಸೀರಿ ಸೆರಗಿನ್ಯಾಗ ಕೊಳ್ಳಿಗೆ ಹಾಕ್ಕೊಳ್ಳೂ ಸಣ್ಣ ಚೀಲ ಹೊಲೀಲಿಕ್ಕತ್ತೀನಿ. ಪಾಸ್‌ಪೋರ್ಟ್, ವಿಸಾದ ಪ್ರತಿ, ಹೊಟೇಲ್ ವಿಳಾಸದ ಚೀಟಿ, ಅಲ್ಲಿಯವರ ಎರಡು ಫೋನ್ ನಂಬರು, ಒಂದಿಷ್ಟು ದಿರ್ಹಮ್, ಇಷ್ಟು ಹಿಡಸ್ತಾವ. ನಾಲ್ಕು ಆಗ್ಯಾವ, ಇನ್ನ ಮೂರು ಉಳದಾವ. ಬೇಕಾದವರು ಸಂಜಿಮುಂದ ಪಾಸ್‌ಪೋರ್ಟ್ ತಗೊಂಡೇ ಬರ್ರಿ, ಅಳತಿನೂ ನೋಡೋಣು, ಹೆಸರೂ ನೋಡೋಣು.