ಮನೆಯ ಕಡತಕ್ಕೆ ಸುಲಭದ ಬಾಗಿಲು ಬೇಕು

ಸಣ್ಣ ಸಂಗತಿಯೆಂದು ಬಲ್ಲವರು ಬದಿಗೆ ಸರಿಸುವ ಕೆಲವು ವಿಷಯಗಳು ಗಡಿನಾಡಿನ ಕನ್ನಡಿಗರ ಪಾಲಿಗೆ ಸಣ್ಣವಲ್ಲ. ಮನೆಮಾತನ್ನು ಬರೆದಿಡುವ ಸಾಧನ ಹೇಗಿರಬೇಕೆಂಬುದು ಅಂಥವುಗಳಲ್ಲೊಂದು.

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ದಿಂಬದ ಘಾಟಿಯ 27 ತಿರುವುಗಳ ಮೇಲಿರುವ ನಮಗೂ ಕಡಲತಡಿಯ ನಿಮಗೂ ಇರುವ ನಂಟು ಇದು. ತಮಿಳುನಾಡಿನ ಶಾಲೆಗಳಲ್ಲಿ 2006ರ ಕಾನೂನಿನಿಂದ ತಮಿಳು, ಕೇರಳದಲ್ಲಿ 2017ರ ಕಾನೂನಿನಿಂದ ಮಲಯಾಳ ಕಡ್ಡಾಯವಾದುವು. ರಾಜ್ಯಭಾಷೆಯನ್ನು ಕಲಿಯಬಾರದೆಂದು ನಮ್ಮ ವಾದವಲ್ಲ. ಆದರೆ ಸರಕಾರದ ಕಡತಗಳು ಬೇರೆ ಭಾಷೆಯಲ್ಲಿ ನಡೆಯುವ ಕಡೆ ನಮ್ಮ ಮಾತಿನ ಕಡತವನ್ನು ಇಡಬೇಕಾದವರು ನಾವೇ ಅಲ್ಲವೇ?

ಹೊಲಗಳ ಹೆಸರು, ರಾಗಿ ಒಕ್ಕಣೆಯ ಮಾತುಗಳು, ಸೋಲಿಗರು ಬಲ್ಲ ಗಿಡಮೂಲಿಕೆ, ಅಜ್ಜಿಯರ ಸೋಬಾನೆ, ಮಾದಪ್ಪನ ಕಥೆ: ಇವು ಇಲ್ಲಿಯ ಸೊತ್ತು. ಯಕ್ಷಗಾನದ ಅರ್ಥಗಾರಿಕೆಯ ಟಿಪ್ಪಣಿ, ಹವ್ಯಕ ಮಾತಿನ ನುಡಿಗಟ್ಟು ನಿಮ್ಮಲ್ಲಿಯ ಸೊತ್ತು. ನೋಟುಪುಸ್ತಕ ಸಾಲದೇ ಎಂದು ಕೇಳುವವರಿದ್ದಾರೆ. ಬರೆದವನು ಇರುವವರೆಗೆ ಸಾಕು. ಆಮೇಲೆ ಯಾವ ಪುಟದಲ್ಲಿ ಏನಿದೆಯೆಂದು ಹೇಳುವವರಿಲ್ಲ, ಗೆದ್ದಲಿಗೆ ಮಾತ್ರ ಎಲ್ಲ ಪುಟವೂ ಒಂದೇ.

ಇದಕ್ಕೆ ತಕ್ಕ ಸಾಧನ ಈಗಾಗಲೇ ಇದೆ. ಹಲವರು ಕೂಡಿ ಬರೆಯುವ ‘ವಿಕಿ’ಯನ್ನು 1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಆರಂಭಿಸಿದರು, ಹವಾಯಿ ಭಾಷೆಯಲ್ಲಿ ಆ ಪದಕ್ಕೆ ‘ಬೇಗ’ ಎಂದರ್ಥ. ಒಬ್ಬನೇ ತನ್ನ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ವಿಕಿಯನ್ನು 2004ರಲ್ಲಿ ಇಂಗ್ಲೆಂಡಿನ ಜೆರೆಮಿ ರಸ್ಟನ್ ರಚಿಸಿದರು. ಹೆಸರು ಟಿಡ್ಲಿವಿಕಿ. ಇಡೀ ಪುಸ್ತಕ ಒಂದೇ ಫೈಲು. ಒಂದು ಸಂಗತಿಗೆ ಒಂದು ಚೀಟಿ. ಚೀಟಿಯಿಂದ ಚೀಟಿಗೆ ಕೊಂಡಿ. ಕಾಸು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಬರೆಯಬಹುದು. ಕಾಡಿನ ನಡುವೆ ಸಿಗ್ನಲ್ಲಿಗಾಗಿ ದಿಬ್ಬ ಹತ್ತುವ ನಮ್ಮಂಥವರಿಗೆ ಇದಕ್ಕಿಂತ ಅನುಕೂಲ ಯಾವುದು?

ಆದರೆ ಬಾಗಿಲಲ್ಲಿಯೇ ತೊಡಕು. ಅದರ ಜಾಲತಾಣವೂ ಒಂದು ಟಿಡ್ಲಿವಿಕಿಯೇ. ಒಂದು ಪದವನ್ನು ಒತ್ತಿದರೆ ಬೇರೆ ಪುಟಕ್ಕೆ ಹೋಗುವುದಿಲ್ಲ. ಅದೇ ಪುಟದಲ್ಲಿ ಇನ್ನೊಂದು ಚೀಟಿ ಬಿಚ್ಚಿಕೊಳ್ಳುತ್ತದೆ. ನಾಲ್ಕು ಬಾರಿ ಒತ್ತಿದ ಹೊಸಬನಿಗೆ ತಾನೆಲ್ಲಿದ್ದೇನೆಂದು ತಿಳಿಯದು. ಅತಿಥಿಯನ್ನು ಕರೆದು, ಹೊಸ್ತಿಲಲ್ಲಿ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹರಡಿಟ್ಟಂತೆ!

ಉಳಿಸುವ ಕ್ರಮ ಇದಕ್ಕಿಂತ ಗಂಭೀರ. ಸುರಕ್ಷತೆಗಾಗಿ ಬ್ರೌಸರು ನಮ್ಮ ಫೈಲನ್ನು ತಾನೇ ತಿದ್ದುವುದಿಲ್ಲ. ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ, ಉಳಿಸುವ ಗುಂಡಿ ಒತ್ತಿದಾಗ ಹೊಸ ಪ್ರತಿಯೊಂದು ಡೌನ್‌ಲೋಡ್ ಜಾಗಕ್ಕೆ ಹೋಗಿ ಬೀಳುತ್ತದೆ. ಮರುದಿನ ಹಳೆಯ ಫೈಲನ್ನೇ ತೆರೆದವನಿಗೆ ನಿನ್ನೆ ಬರೆದದ್ದು ಕಾಣದು. ಎಲ್ಲ ಹೋಯಿತೆಂದು ಅವನು ಕೈಬಿಡುತ್ತಾನೆ. ಫೈರ್‌ಫಾಕ್ಸಿನಲ್ಲಿ ನೆರವಾಗುತ್ತಿದ್ದ ಟಿಡ್ಲಿಫಾಕ್ಸ್ ಎಂಬ ಸೇರ್ಪಡೆಯೂ 2017ರ ನವೆಂಬರಿನ 57ನೆಯ ಆವೃತ್ತಿಯೊಡನೆ ಕೆಲಸ ನಿಲ್ಲಿಸಿತು. ಬೇರೆ ಉಪಾಯಗಳಿವೆ, ಹತ್ತಾರಿವೆ. ಹತ್ತಾರಿರುವುದೇ ಹೊಸಬನ ಕಷ್ಟ. ಎಪ್ಪತ್ತು ವರ್ಷದ ಅಜ್ಜಿ ಒಮ್ಮೆ ಹೇಳಿದ ಕಥೆಯನ್ನು ಎರಡನೆಯ ಸಲ ಹೇಳಲು ಇರುತ್ತಾಳೆಂದು ಯಾರು ಭರವಸೆ ಕೊಡಬಲ್ಲರು?

ಮಾಡಬೇಕಾದದ್ದು ಇಷ್ಟು. ಮೊದಲ ಪುಟದಲ್ಲಿ ಮೂರೇ ಮಾತಿರಲಿ: ಇಳಿಸಿಕೊಳ್ಳಿ, ಬರೆಯಿರಿ, ಉಳಿಸಿ. ಉಳಿಸಿದೊಡನೆ ಫೈಲು ಎಲ್ಲಿ ಹೋಯಿತೆಂದು ತಿಳಿಸಲಿ. ಮೊಬೈಲಿಗೊಂದು, ಕಂಪ್ಯೂಟರಿಗೊಂದು, ಹೀಗೆ ಒಂದೊಂದೇ ದಾರಿ ತೋರಿಸಿ, ಉಳಿದವನ್ನು ಒಳಕೋಣೆಯಲ್ಲಿಡಲಿ. ಸಾಲುಗಳ ನಡುವೆ ನಮ್ಮ ಒತ್ತಕ್ಷರ ಕತ್ತರಿಸಿಹೋಗದಷ್ಟು ಜಾಗವಿರಲಿ. ಹುಡುಕುವಾಗ, ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಸೇರುವ ಜೋಡಣೆಯ ಗುರುತುಗಳನ್ನು ಬಿಟ್ಟು ನೋಡಲಿ; ಇಲ್ಲವಾದರೆ ಯಂತ್ರಕ್ಕೆ ಒಂದೇ ಪದ ಎರಡಾಗುತ್ತದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳದೆ ಹುಡುಕಲಾಗದೆಂಬುದನ್ನೂ ಕನ್ನಡದಲ್ಲಿಯೇ ಹೇಳಲಿ.

ಇದನ್ನೆಲ್ಲ ಮಾಡುವವರು ಯಾರು? ಈ ಸಾಧನದ ಒಳಗುಟ್ಟು ಎಲ್ಲರಿಗೂ ತೆರೆದಿದೆ. ತಿದ್ದಲು, ಹಂಚಲು ಅನುಮತಿಯಿದೆ. ಗುಂಡಿಗಳ ಹೆಸರುಗಳನ್ನು ಬೇರೆ ಭಾಷೆಗೆ ತಿರುಗಿಸುವ ಏರ್ಪಾಡೂ ಇದೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಮಕ್ಕಳು ನಮ್ಮಲ್ಲಿದ್ದಾರೆ, ನಿಮ್ಮಲ್ಲಿಯೂ ಇದ್ದಾರೆ. ರಾಜ್ಯೋತ್ಸವಕ್ಕೆ ಹಾರ ಹಾಕಿಸಿಕೊಳ್ಳಲು ಬರುವ ಬದಲು ಅವರು ನಾಲ್ಕು ಭಾನುವಾರ ಈ ಕೆಲಸಕ್ಕೆ ಕೊಡಲಿ. ಯಾವ ಗುಂಡಿಗೆ ಯಾವ ಹೆಸರು ಸಲ್ಲುತ್ತದೆಂದು ನಾವು ಮಾಸ್ತರರು ಕೂತು ತೀರ್ಮಾನಿಸೋಣ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಬಳಸಬಲ್ಲಳಾದರೆ ಅದು ಸರಿಯಾಯಿತೆಂದು ತಿಳಿಯೋಣ.

ಭಾಷೆಯ ಹಕ್ಕಿಗಾಗಿ ಅರ್ಜಿ ಬರೆಯುವುದನ್ನು ನಿಲ್ಲಿಸಬೇಕಿಲ್ಲ. ಅರ್ಜಿಯ ಉತ್ತರ ಬರುವವರೆಗೆ ಭಾಷೆಯನ್ನು ಉಳಿಸಿಕೊಳ್ಳುವ ಕೆಲಸವನ್ನೂ ನಿಲ್ಲಿಸಬಾರದು.