ಪುಕ್ಕಟೆ ಬೇಕು, ಬಿಟ್ಟಿ ಬೇಡ

1964ರ ಬೇಸಿಗೆಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಕಪ್ಪು ಜನರ ಹೋರಾಟಗಾರರು 40ರಷ್ಟು 'ಸ್ವಾತಂತ್ರ್ಯ ಶಾಲೆ'ಗಳನ್ನು ನಡೆಸಿದರು. ಚರ್ಚಿನೊಳಗೆ, ಜಗಲಿ ಮೇಲೆ, ಮರದ ಕೆಳಗೆ. ಎರಡು ಸಾವಿರಕ್ಕೂ ಹೆಚ್ಚು ಮಂದಿ ಕಲಿತರು. ಫೀಜು ಇಲ್ಲ. ಸರ್ಕಾರಿ ಪಠ್ಯದಲ್ಲಿ ತಮ್ಮ ಜನರ ಹೋರಾಟದ ಮಾತೇ ಇಲ್ಲ ಅಂತ ಪಾಠಗಳನ್ನ ತಾವೇ ಬರೆದರು. ನೀವೀಗ ಕೈಯಲ್ಲಿ ಹಿಡಿದಿರೋ ಈ ಪತ್ರಿಕೆ ಥರಾನೇ ಸೈಕ್ಲೋಸ್ಟೈಲ್ ಮಾಡಿ ಹಂಚಿದರು. ಬಿಳಿಯರ ಬದುಕಿನಲ್ಲಿ ನಮಗೆ ಬೇಕಾದ್ದೇನು, ಬೇಡವಾದ್ದೇನು, ನಮ್ಮದರಲ್ಲಿ ಉಳಿಸಿಕೊಳ್ಳಬೇಕಾದ್ದೇನು ಅಂತ ಮಕ್ಕಳನ್ನೇ ಕೇಳೋ ಪಾಠಗಳು ಅವು.

ಈಗ ಅಮೆರಿಕದ ಎಷ್ಟೋ ಮೇಷ್ಟ್ರುಗಳು ಕಪ್ಪು ಮಕ್ಕಳ ಸಾಹಿತಿಗಳ ಬಗ್ಗೆ ಪಾಠದ ಹಾಳೆ ಮಾಡಿ ಪುಕ್ಕಟೆ ಹಂಚುತ್ತಿದ್ದಾರೆ. ಮಾರ್ಲಿ ಡಯಾಸ್ ಅನ್ನೋ ನ್ಯೂಜೆರ್ಸಿಯ ಹುಡುಗಿ 2015ರಲ್ಲಿ, ಇನ್ನೂ ಹನ್ನೊಂದು ತುಂಬೋ ಮೊದಲೇ, ಬಿಳಿ ಹುಡುಗರು ಮತ್ತವರ ನಾಯಿಗಳ ಕಥೆ ಓದಿ ಓದಿ ಸಾಕಾಯ್ತು ಅಂದಳು. ಕಪ್ಪು ಹುಡುಗಿಯೇ ನಾಯಕಿಯಾಗಿರೋ ಸಾವಿರ ಪುಸ್ತಕ ಕೂಡಿಸ್ತೀನಿ ಅಂತ ಹೊರಟು ಅದಕ್ಕೂ ಬಹಳ ಹೆಚ್ಚು ಕೂಡಿಸಿದಳು. ಆ ಪುಸ್ತಕಗಳ ಪಟ್ಟಿ ಈಗ ಯಾರು ಬೇಕಾದರೂ ದುಡ್ಡಿಲ್ಲದೆ ಪಡೆಯಬಹುದು.

ಹುಡುಗಿಯ ಸಿಟ್ಟಿಗೆ ಲೆಕ್ಕದ ಆಧಾರವಿದೆ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬಾಕೆ ಮೂರು ವರ್ಷದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳನ್ನು ಎಣಿಸಿದರು. ಒಬ್ಬನಾದರೂ ಕಪ್ಪು ಮನುಷ್ಯ ಕಾಣಿಸಿದ್ದು ನೂರಕ್ಕೆ ಏಳರಲ್ಲೂ ಅಲ್ಲ. ಇಪ್ಪತ್ತು ವರ್ಷ ಬಿಟ್ಟು, 1985ರಲ್ಲಿ, ಅಲ್ಲಿ ಅಚ್ಚಾದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಲೇಖಕರು ಇಲ್ಲವೇ ಚಿತ್ರಕಾರರು ಮಾಡಿದವು ಬರೀ 18.

ಆದ್ದರಿಂದ ಪುಕ್ಕಟೆ ಹಾಳೆ ಬೇಕೇ ಬೇಕು. ಆದರೆ ಎಂಥಾ ಹಾಳೆ? ಫೆಬ್ರವರಿ ಅಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಲೇಖಕಿಯ ಚಿತ್ರಕ್ಕೆ ಬಣ್ಣ ತುಂಬು, ಹುಟ್ಟಿದ ಊರು ಬರೆ, ಬಿಟ್ಟ ಸ್ಥಳ ತುಂಬು. ಮಾರ್ಚ್ ಬಂತು, ಮುಗೀತು. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ 15ಕ್ಕೆ ಮರೆಯೋರನ್ನ ಕಂಡಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಕಾದಂಬರಿ 1976ರದು. ಮರುವರ್ಷ ನ್ಯೂಬೆರಿ ಪ್ರಶಸ್ತಿ ಬಂತು. ಕಥೆ ನಡೆಯೋದು 1933ರ ಮಿಸಿಸಿಪಿಯಲ್ಲಿ. ಲಿಟಲ್ ಮ್ಯಾನ್ ಆರು ವರ್ಷದ ಹುಡುಗ, ಬಟ್ಟೆಗೆ ಧೂಳು ಹತ್ತಿದರೂ ಸಹಿಸದವನು. ಶಾಲೆಯಲ್ಲಿ ಅವನಿಗೊಂದು ಪುಸ್ತಕ ಕೊಡ್ತಾರೆ, ಪುಕ್ಕಟೆ. ಬಿಳಿ ಮಕ್ಕಳು ವರ್ಷಗಟ್ಟಲೆ ಬಳಸಿ ಹರಿದು ಚಿಂದಿಯಾದ ಮೇಲೆ ಕಪ್ಪು ಮಕ್ಕಳ ಶಾಲೆಗೆ ತಳ್ಳಿದ ಪುಸ್ತಕ. ಒಳಗಡೆ ಒಂದು ಪಟ್ಟಿ ಅಂಟಿಸಿದ್ದಾರೆ: ಯಾವ ವರ್ಷ ಯಾವ ಬಣ್ಣದ ಮಗುವಿಗೆ ಕೊಟ್ಟಿತು, ಆಗ ಪುಸ್ತಕದ ಸ್ಥಿತಿ ಹೇಗಿತ್ತು. ಅವನ ಸಾಲಿನಲ್ಲಿ ಸ್ಥಿತಿ ತೀರಾ ಕೆಟ್ಟದ್ದು, ಪಕ್ಕದಲ್ಲಿ ಅವನ ಜನರನ್ನ ಹೀನಾಯವಾಗಿ ಕರೆಯೋ ಹೆಸರು. ಹುಡುಗ ಪುಸ್ತಕ ಬಿಸಾಕಿ ತುಳೀತಾನೆ. ಏಟು ತಿಂತಾನೆ. ಅದೇ ಶಾಲೆಯಲ್ಲಿ ಪಾಠ ಹೇಳೋ ಅವನ ತಾಯಿ ಮಾಡೋದೇನು? ಕಾಗದ ಕತ್ತರಿಸಿ ಆ ಪಟ್ಟಿಯ ಮೇಲೆ ಅಂಟಿಸ್ತಾಳೆ.

ಈ ಕಾದಂಬರಿ ಬಗ್ಗೆ ಹಾಳೆ ಮಾಡೋ ಮೇಷ್ಟ್ರು ಲೇಖಕಿ ಹುಟ್ಟಿದ್ದೆಲ್ಲಿ ಅಂತ ಕೇಳಿ ಸುಮ್ಮನಾದರೆ ಅದೂ ಇನ್ನೊಂದು ಹರಕು ಪುಸ್ತಕವೇ. ಪುಕ್ಕಟೆ ಅಂತ ಎಂಜಲು ಕೊಟ್ಟರೆ ತಗೋಬೇಕಾ? ಆರು ವರ್ಷದವನು ಬಿಸಾಕಿದ್ದನ್ನ ಉಳಿದ ಮಕ್ಕಳು ಯಾಕೆ ಬಿಸಾಕಲಿಲ್ಲ? ಇಂಥಾ ಪ್ರಶ್ನೆ ಹಾಳೆಯಲ್ಲಿರಬೇಕು. ಮೇಷ್ಟ್ರು ಬೆವರಬೇಕು.

ಇನ್ನು ಬಿಟ್ಟಿಯ ಮಾತು. ಬಿಟ್ಟಿ ಅಂದ್ರೆ ಪೇಟೆಯವರಿಗೆ ದುಡ್ಡಿಲ್ಲದೆ ಸಿಕ್ಕಿದ್ದು ನೆನಪಾಗುತ್ತೆ. ನಮ್ಮ ಕೇರಿಯ ಮುದುಕರಿಗೆ ಗೌಡನ ಹೊಲದಲ್ಲಿ ಕೂಲಿಯಿಲ್ಲದೆ ಗೇದದ್ದು ನೆನಪಾಗುತ್ತೆ. ಮಗುವಿಗೆ ಪುಕ್ಕಟೆ ಸಿಗೋದು ಇನ್ನೊಬ್ಬರ ಬಿಟ್ಟಿ ಚಾಕರಿ ಆಗಬಾರದು. ನಮ್ಮ ಶಾಲೆಗೂ ಒಂದು ಪಾಠ ಬರೆದುಕೊಡಮ್ಮ ಅಂತ ಕಪ್ಪು ಟೀಚರನ್ನ ರಾತ್ರಿ ಕೂರಿಸಿದರೆ ಅದಕ್ಕೆ ಕೂಲಿ ಕೊಡಬೇಕು. ಪಾಠದ ನೆಪದಲ್ಲಿ ಇಡೀ ಪುಸ್ತಕದ ನಕಲು ತೆಗೆದು ಹಂಚೋದು ಲೇಖಕಿಯ ಅನ್ನಕ್ಕೇ ಕೈ ಹಾಕಿದ ಹಾಗೆ. ಹಾಳೆ ಪುಕ್ಕಟೆ ಇರಲಿ, ಪುಸ್ತಕವನ್ನ ಶಾಲೆ ದುಡ್ಡು ಕೊಟ್ಟು ಕೊಳ್ಳಲಿ.

ಬರೀ ಪ್ರೀತಿಯಿಂದ ಕೆಲಸ ನಡೆಯೋದಿಲ್ಲ. 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದರಲ್ಲ, ಆ ಡುಬಾಯ್ಸ್ 1920ರಲ್ಲೇ ಕಪ್ಪು ಮಕ್ಕಳಿಗಾಗಿ 'ದಿ ಬ್ರೌನೀಸ್ ಬುಕ್' ಅನ್ನೋ ತಿಂಗಳ ಪತ್ರಿಕೆ ತೆಗೆದಿದ್ದರು. ಅದನ್ನ ತಿದ್ದಿ ತೀಡಿ ಬೆಳೆಸಿದವರು ಜೆಸ್ಸಿ ಫಾಸೆಟ್. ಲ್ಯಾಂಗ್‌ಸ್ಟನ್ ಹ್ಯೂಸ್ ಕವಿ ಅಂತ ಜಗತ್ತಿಗೆ ಗೊತ್ತಾಗೋ ಮೊದಲು ಅವನ ಪದ್ಯ ಹಾಕಿದ ಪತ್ರಿಕೆ ಅದು. ಬೆಲೆ 15 ಸೆಂಟು. 24 ಸಂಚಿಕೆ ಬಂತು, 1921ರ ಡಿಸೆಂಬರಿಗೆ ದುಡ್ಡಿಲ್ಲದೆ ನಿಂತಿತು. ಹರಕು ಚಪ್ಪಲಿಯಲ್ಲಿ ಈ ಪತ್ರಿಕೆ ಹೊತ್ತು ಸಭೆಯಿಂದ ಸಭೆಗೆ ತಿರುಗೋ ನಮ್ಮ ಗೆಳೆಯರಿಗೆ ಆ ಡಿಸೆಂಬರ್ ಅರ್ಥವಾಗುತ್ತೆ.

ಪುಸ್ತಕ ಕಪಾಟಿನಲ್ಲಿದೆ ಅಂತ ನಂಬಿ ಕೂರೋ ಹಾಗೂ ಇಲ್ಲ. ಜೆರ್ರಿ ಕ್ರಾಫ್ಟ್ ಅವರ 'ನ್ಯೂ ಕಿಡ್' 2020ರಲ್ಲಿ ನ್ಯೂಬೆರಿ ಪಡೆದ ಪುಸ್ತಕ. 2021ರಲ್ಲಿ ಟೆಕ್ಸಾಸಿನ ಕೇಟಿ ಎಂಬಲ್ಲಿ ಕೆಲವು ತಂದೆತಾಯಿಗಳು ದೂರು ಕೊಟ್ಟರು ಅಂತ ಶಾಲೆಯವರು ಅದನ್ನ ಎತ್ತಿಟ್ಟರು. ಗಲಾಟೆ ಆದಮೇಲೆ ವಾಪಸು ಇಟ್ಟರು. ಆದ್ದರಿಂದ ಪಾಠದ ಹಾಳೆ ಮಾಡೋ ಅಲ್ಲಿನ ಗೆಳೆಯರು ಬಣ್ಣ ತುಂಬೋ ಜಾಗದಲ್ಲಿ ಶಾಲೆಯ ಗ್ರಂಥಾಲಯಕ್ಕೊಂದು ಅರ್ಜಿ ಅಚ್ಚು ಹಾಕಲಿ: ಪುಸ್ತಕದ ಹೆಸರು, ಬರೆದವರ ಹೆಸರು, ಬೆಲೆ, ಎಷ್ಟು ಪ್ರತಿ ಬೇಕು. ಕೆಳಗೆ ಮಕ್ಕಳು ಸಹಿ ಹಾಕೋಕೆ ಉದ್ದಕ್ಕೂ ಖಾಲಿ ಗೆರೆಗಳಿರಲಿ.